ಬುಧವಾರದ ಕೂಗು

ಲೊರೀನ್ ಉನ್ರುವಿನ ಹೋಟೆಲಿನಲ್ಲಿ ಹಾಡು ಕೇಳಿದವರೇ ಇಲ್ಲ. ಕಾನ್ಸಸ್‌ನ ಗೋಧಿ ಹೊಲಗಳ ನಡುವಿನ ಆ ಪುಟ್ಟ ಹೋಟೆಲಿನಲ್ಲಿ ಹತ್ತೊಂಬತ್ತು ವರ್ಷದಿಂದ ಬಾಯಿ ಮುಚ್ಚದೆ ಮಾತಾಡುತ್ತಿದ್ದುದು ಹಲಗೆಯ ಮೇಲಿನ ಹವಾಮಾನ ರೇಡಿಯೊ ಒಂದೇ. ಹಗಲಿರುಳೂ ಅದೇ ಯಂತ್ರದ ದನಿ: ಗಾಳಿ ಇಷ್ಟು, ಮಳೆ ಇಷ್ಟು, ನಾಳೆ ಬೆಳಿಗ್ಗೆ ಮಂಜು. ಕೇಳಿ ಕೇಳಿ ಗಿರಾಕಿಗಳಿಗೆ ತಲೆ ಚಿಟ್ಟು ಹಿಡಿದಿತ್ತು.

“ನಿನ್ನ ಎರಡನೇ ಗಂಡನ ಬಾಯಿ ಸ್ವಲ್ಪ ಮುಚ್ಸು ಅಕ್ಕಾ,” ಎಂದು ಅವಳ ತಮ್ಮ ಆರ್ವಲ್ ವಿಧವೆ ಅಕ್ಕನನ್ನು ದಿನಾ ಹಂಗಿಸುತ್ತಿದ್ದ. ಹಂಗಿಸಿದವನೇ ಹೊರಡುವಾಗ, “ನಾಳೆ ಗಾಳಿ ಹೆಂಗಂತೆ? ಹೊಲಕ್ಕೆ ಔಷಧಿ ಹೊಡೀಬೇಕಿತ್ತು,” ಎನ್ನುತ್ತಿದ್ದ. ಲೊರೀನ್‌ಗೆ ಮೈಯೆಲ್ಲ ಉರಿಯುತ್ತಿತ್ತು.

ಇನ್ನೂ ಉರಿಸುತ್ತಿದ್ದುದು ಬುಧವಾರ. ಪ್ರತಿ ಬುಧವಾರ ಮಧ್ಯಾಹ್ನ ರೇಡಿಯೊ ಅಪಾಯದ ಎಚ್ಚರಿಕೆಯ ದನಿಯಲ್ಲಿ ಒಮ್ಮೆ ಕಿರುಚಿ, ‘ಇದು ಪರೀಕ್ಷೆ ಮಾತ್ರ’ ಎನ್ನುತ್ತದೆ. ಯಾರೂ ತಟ್ಟೆಯಿಂದ ತಲೆ ಎತ್ತುವುದಿಲ್ಲ. ಆಕಾಶ ಕೆಟ್ಟ ದಿನ ಪರೀಕ್ಷೆಯನ್ನು ಮುಂದಕ್ಕೆ ಹಾಕುತ್ತಾರೆ, ಅಂಥ ದಿನ ಕಿರುಚಿದರೆ ಅದು ನಿಜವೇ ಎಂದು ಅವಳು ಸಾವಿರ ಸಲ ಹೇಳಿದ್ದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು.

ಮೇ ತಿಂಗಳ ಒಂದು ಬುಧವಾರ, ಮೋಡ ಹಸಿರಾಗಿ ಕವಿದ ಮಧ್ಯಾಹ್ನ, ರೇಡಿಯೊ ಕಿರುಚಿತು.

“ಟೆಸ್ಟು,” ಎಂದ ಆರ್ವಲ್.

“ಟೆಸ್ಟಲ್ಲ ಕಣೋ! ಕಿವೀಲಿ ಹತ್ತಿ ಇಟ್ಕೊಂಡಿದೀಯಾ? ಸುಂಟರಗಾಳಿ ಈ ಕಡೆಗೇ ಬರ್ತಿದೆ ಅಂತಿದೆ. ಎಲ್ರೂ ಹಿಂದಿನ ಕೋಲ್ಡ್ ರೂಮಿಗೆ ನಡೀರಿ, ಅದರ ಉಕ್ಕಿನ ಗೋಡೆ ಗಟ್ಟಿ!”

“ಬುಧವಾರ ಅಕ್ಕಾ, ಬುಧವಾರ!” ಎಂದು ಕೂತಿದ್ದ ಎಂಟು ಜನ ನಕ್ಕರು. ಆರ್ವಲ್ ಕಾಫಿ ಹಿಡಿದು ಎದ್ದ. “ಇರು, ಹೆಂಗಿದೆ ನೋಡ್ಕೊಂಡ್ ಬರ್ತೀನಿ.” ಸುಂಟರಗಾಳಿ ಎಂದರೆ ಜಗಲಿಗೆ ಹೋಗಿ ನಿಲ್ಲುವುದು ಈ ಸೀಮೆಯ ಗಂಡಸರ ಹುಟ್ಟುಗುಣ. ಹುಟ್ಟುಗುಣ ಸುಟ್ಟರೂ ಹೋಗದು.

ಬೇಡಿಕೊಳ್ಳಲು ಹೊತ್ತಿರಲಿಲ್ಲ. ಲೊರೀನ್ ಆಗತಾನೆ ಒಲೆಯಿಂದ ತೆಗೆದ ಚೆರ್ರಿ ಹಣ್ಣು ತುಂಬಿದ ಸಿಹಿ ಪೈಗಳೆರಡನ್ನೂ ಎತ್ತಿಕೊಂಡು, “ಪೈ ಬೇಕಾದೋರು ಅಲ್ಲೇ ಬಂದು ತಿನ್ನಿ!” ಎಂದು ಕೋಲ್ಡ್ ರೂಮಿಗೆ ನಡೆದಳು. ಎಂಟೂ ಜನ ಗೊಣಗುತ್ತಾ ಹಿಂಬಾಲಿಸಿದರು. ಪ್ರಾಣಕ್ಕೆ ಏಳದವರು ಪೈಗೆ ಎದ್ದರಲ್ಲ ಎಂದು ಅವಳು ಹಲ್ಲು ಕಡಿದಳು. ಆರ್ವಲ್ ಜಗಲಿಯಲ್ಲೇ ಇದ್ದ. ಓಡಿಹೋಗಿ ಕಾಲರ್ ಹಿಡಿದು ದರದರ ಎಳೆತಂದು ಬಾಗಿಲು ಹಾಕಿದಳು.

ಬಾಗಿಲು ತೆರೆದಾಗ ಹೋಟೆಲಿಗೆ ಮಾಡು ಇರಲಿಲ್ಲ. ಜಗಲಿ ಇದ್ದ ಕಡೆ ಬರೀ ನೆಲ. ಆರ್ವಲ್ ಆ ನೆಲವನ್ನೇ ನೋಡುತ್ತಾ ನಿಂತ.

ಮುಂದಿನ ಬುಧವಾರ ಊರವರಿಗೆಲ್ಲ ಚರ್ಚಿನಲ್ಲಿ ಲೊರೀನ್‌ಳ ಅಡುಗೆ. ತಿಳಿ ಆಕಾಶ, ಚುರುಚುರು ಬಿಸಿಲು. ಅಲ್ಲಿಗೂ ತಂದಿಟ್ಟಿದ್ದ ರೇಡಿಯೊ ಕಿರುಚಿತು: ‘ಇದು ಪರೀಕ್ಷೆ ಮಾತ್ರ.’ ಆರ್ವಲ್ ತಟ್ಟೆ ಹಿಡಿದು ಎದ್ದು ನೆಲಮಾಳಿಗೆಯ ಮೆಟ್ಟಿಲು ಇಳಿಯತೊಡಗಿದ.

“ಟೆಸ್ಟು ಕಣೋ, ಪೆದ್ದಾ!” ಎಂದು ಲೊರೀನ್ ಅರಚಿದಳು.

“ಇರ್ಲಿ ಅಕ್ಕಾ,” ಎಂದ ಅವನು ತಿರುಗಿ ನೋಡದೆ. “ನೀನೂ ಬಾ.”

ಹತ್ತೊಂಬತ್ತು ವರ್ಷ ಹೇಳಿದ್ದನ್ನು ಕೊನೆಗೂ ಕಲಿತ, ಅದನ್ನೂ ತಪ್ಪಾಗಿ. ಅವಳಿಗೆ ಸಿಟ್ಟಿನ ಜೊತೆಗೆ ಅಳುವೂ ಬಂತು. ಸೌಟು ಕೆಳಗಿಟ್ಟು, ಅವನ ಹಿಂದೆಯೇ ಮೆಟ್ಟಿಲಿಳಿದಳು.