ಸೊಟ್ಟ ಮೊಳಕೆಯೂ ನನ್ನ ಭಾನುವಾರವೂ

ಭಾನುವಾರ ಮಧ್ಯಾಹ್ನ ಉಂಡು ಮಲಗುವ ಸುಖವನ್ನು ನಾನು ಕಂಪನಿಗೆ ದಾನ ಮಾಡಿ ಮೂರು ವಾರವಾಯಿತು. ದಾನ ಎಂದೆನಲ್ಲ, ಸುಳ್ಳು, ಕಿತ್ತುಕೊಂಡರು. ನಮ್ಮದು ಬೀಜದ ಕಂಪನಿ. ಸುತ್ತಲಿನ ಶಾಲೆಗಳಲ್ಲಿ ಮಕ್ಕಳಿಗೂ ಅವರ ಮನೆಯವರಿಗೂ ಕೈಯಾರೆ ವಿಜ್ಞಾನ ಮಾಡಿಸಬೇಕೆಂದು ಮ್ಯಾನೇಜರರಿಗೆ ಹೊಳೆಯಿತು. ಸ್ವಂತ ಇಚ್ಛೆಯಿಂದ ಬರುವವರ ಪಟ್ಟಿಯನ್ನು ಅವರೇ ಬರೆದರು. ನನ್ನ ಎರಡರಷ್ಟಿರುವ ಕಂಪನಿಯ ಹಸಿರು ಟೀ ಶರ್ಟನ್ನು ಸೀರೆಯ ಮೇಲೆ ಏರಿಸಿಕೊಂಡು ಹಾನಗಲ್ಲಿಗೆ ಹೋದೆ, ಶಿಗ್ಗಾಂವಿಗೆ ಹೋದೆ. ಮೊನ್ನೆ ಹಿರೇಕೆರೂರು.

ಅಲ್ಲಿ ನನ್ನ ಮೇಜಿಗೆ ಮೊಳಕೆಯ ಪಾಠ. ವಾರದ ಹಿಂದೆಯೇ ಶಿಕ್ಷಕರ ಕೈಯಲ್ಲಿ ಗೋವಿನಜೋಳದ ಕಾಳು ಕಳಿಸಿದ್ದೆವು. ಮಕ್ಕಳು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ ತರಬೇಕು. ತಂದರು ಪಾಪ, ಬೆಳಗಿನಿಂದ ಸಾಲುಗಟ್ಟಿ ತಂದರು.

ಹನ್ನೊಂದು ವರ್ಷದಿಂದ ಲ್ಯಾಬಿನಲ್ಲಿ ನನ್ನ ಕೆಲಸ ಮೊಳಕೆ ಎಣಿಸುವುದು. ನೆಟ್ಟಗಿದ್ದದ್ದು ಟ್ರೇಗೆ, ಸೊಟ್ಟಗಿದ್ದದ್ದು ಬಕೆಟ್ಟಿಗೆ. ಇದು ಮನೆತನದ ಚಾಳಿಯೂ ಇರಬೇಕು. ನಮ್ಮಜ್ಜ ದರ್ಭೆ ಆರಿಸಲು ಕುಳಿತರೆ ತುದಿ ಮುರಿದ ಒಂದು ಎಳೆಯನ್ನೂ ಉಳಿಸುತ್ತಿರಲಿಲ್ಲ. ಮಧ್ಯಾಹ್ನ ಐದನೇ ಇಯತ್ತೆಯ ಹುಡುಗಿಯೊಬ್ಬಳು ಸ್ಟೀಲಿನ ಡಬ್ಬಿ ತೆರೆದು ತನ್ನ ಒಂದೇ ಒಂದು ಮೊಳಕೆಯನ್ನು ನನ್ನ ಮುಂದೆ ಹಿಡಿದಳು. ನನಗೆ ಕಣ್ಣು ಎಳೆಯುತ್ತಿತ್ತು. ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಸೊಟ್ಟಗಿತ್ತು, ಬಕೆಟ್ಟಿಗೆ ಹಾಕಿದೆ.

ಹುಡುಗಿ ಬಕೆಟ್ಟನ್ನೇ ನೋಡುತ್ತ ನಿಂತಳು. ಜೊತೆಗಿದ್ದ ಅವಳ ಅವ್ವ ಮುಂದೆ ಬಂದಳು.

"ಅಯ್ಯ, ಯಾಕ ಒಗದ್ರಿ ಅಕ್ಕಾರ? ಜೀವ ಐತಲ್ರಿ ಅದಕ್ಕ! ವಾರ ಪೂರ್ತಿ ತಲಿದಿಂಬಿನ ಬಾಜೂಕ ಇಟ್ಕೊಂಡು ಮಲ್ಕೊಂಡಾಳ್ರಿ."

"ಸೊಟ್ಟ ಅದರಿ ಅದು," ಎಂದೆ, ಲ್ಯಾಬಿನಲ್ಲೇ ಕುಳಿತವಳ ಹಾಗೆ.

"ಸೊಟ್ಟ ಇದ್ರ ಏನಾತ್ರಿ? ಹೊಲದಾಗ ನಾವೇನು ಒಂದೊಂದ ಕಿತ್ತು ನೋಡ್ತೇವೇನ್ರಿ?"

ನಾಚಿಕೆಯಿಂದ ಸತ್ತೇಹೋದೆ. ಟೀ ಶರ್ಟು ಸೀರೆ ಎಲ್ಲ ಸಮೇತ ನೆಲಕ್ಕೆ ಕುಳಿತು ಬಕೆಟ್ಟು ಸುರಿದೆ. ಸೊಟ್ಟ ಮೊಳಕೆಗಳ ಒಂದು ಗುಡ್ಡೆಯೇ ಬಿತ್ತು. ಹಾಗಾದರೆ ಬೆಳಗಿನಿಂದ ಎಷ್ಟು ಮಕ್ಕಳು ತುಟಿ ಪಿಟಕ್ಕೆನ್ನದೆ ಮನೆಗೆ ಹೋದವೋ! ಹನ್ನೊಂದು ವರ್ಷ ಎಣಿಸಿದ ನನಗೆ ಎಲ್ಲವೂ ಒಂದೇ ಥರ ಕಂಡವು. ಹುಡುಗಿ ಮಾತ್ರ ಬಗ್ಗಿದವಳೇ, "ಇದ ನಂದು," ಎಂದು ಎತ್ತಿಕೊಂಡಳು. ಡಬ್ಬಿ ಮುಚ್ಚಿ, ನನ್ನ ಕೈಗೆ ಸಿಗದಂತೆ ಬೆನ್ನ ಹಿಂದೆ ಹಿಡಿದಳು.

ಉಳಿದವನ್ನೆಲ್ಲ ಶಾಲೆಯ ಹಿಂದಿನ ಮಣ್ಣಿನಲ್ಲಿ ನೆಟ್ಟೆ. ಸೊಂಟ ಹಿಡಿಯಿತು. ಅವು ಬದುಕುತ್ತವೆಂದು ಲ್ಯಾಬಿನವಳಾಗಿ ನಾನು ಬರೆದುಕೊಡಲಾರೆ.

ಸಂಜೆ ಮ್ಯಾನೇಜರರು ಮುಂದಿನ ಭಾನುವಾರದ ಸವಣೂರಿನ ಪಟ್ಟಿ ಹಿಡಿದು ಬಂದು ನನ್ನ ಮುಖ ನೋಡಿದರು. "ಭಾಳ ದಣದೀರಿ. ಈ ಸಲ ಮನ್ಯಾಗ ಇರ್ರಿ," ಎಂದರು. ಈ ಒಂದು ಮಾತಿಗಾಗಿ ಮೂರು ವಾರ ಕಾದಿದ್ದೆ.

"ಬರ್ತೇನ್ರಿ," ಎಂದೆ. "ಬಕೆಟ್ ಮಾತ್ರ ತರಬ್ಯಾಡ್ರಿ."