ಎರಡು ಚುಕ್ಕಿಯ ಬದಿ

ಭಾನುವಾರ ಬೆಳಿಗ್ಗೆ ಐದೂ ಮುಕ್ಕಾಲು. ಭೋಜ ಸಾಲಿಯಾನರ ಬಲಗಿವಿಯ ಆಪರೇಷನ್‌ಗೆ ಇನ್ನು ಒಂಬತ್ತು ದಿನ ಉಳಿದಿದೆ. ಎಡಗಿವಿ ಅವರಿಗೆ ಬಾಲ್ಯದಿಂದಲೇ ಕೇಳಿಸುವುದಿಲ್ಲ.

ಕಲ್ಯಾಣಪುರದ ಮನೆಯ ಹಿಂಬದಿ, ಶೀಟು ಹೊದಿಸಿದ ಕೋಣೆಯಲ್ಲಿ ಅವರು ಹಳೆಯ ಎಲ್‌ಪಿ ರೆಕಾರ್ಡೊಂದನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು ನೋಡುತ್ತಿದ್ದಾರೆ. ಗೆರೆಗಳ ನಡುವೆ ಬಿಳಿ ನೂಲಿನಂಥ ಬೂಸ್ಟು. ಕರಾವಳಿಯ ಮಳೆಗಾಲ ಯಾರ ಮನೆಯ ಕಪಾಟನ್ನೂ ಬಿಡುವುದಿಲ್ಲ. ಬ್ಯಾಟರಿ ಅಂಗಡಿಯಿಂದ ತಂದ ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ಸಾಬೂನು ನೀರು ಒಂದೇ ಹನಿ. ಅದರಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷು ಗೆರೆಯ ದಾರಿಯಲ್ಲೇ ಸುತ್ತು ಬರುತ್ತದೆ, ಅಡ್ಡ ಹಾಯುವುದಿಲ್ಲ. ತೊಳೆದದ್ದನ್ನು ಅಡುಗೆಮನೆಯ ಹಳೆಯ ತಟ್ಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಗಾಳಿಗೆ ಬಿಡುತ್ತಾರೆ.

ಕೆಲಸದ ಕಷ್ಟದ ಭಾಗ ಆಮೇಲಿನದು. ಒಣಗಿದ ರೆಕಾರ್ಡನ್ನು ಪ್ಲೇಯರಿಗೆ ಹಾಕಿ, ಮುಳ್ಳು ಇಳಿಸಿ, ಬಲಗಿವಿಯನ್ನು ಸ್ಪೀಕರ್ ಪೆಟ್ಟಿಗೆಯ ಬಳಿಗೆ ತರುತ್ತಾರೆ. "ಬೂಸ್ಟಿನ ಸದ್ದು ಬೇರೆ, ಗೀರಿನ ಸದ್ದು ಬೇರೆ. ಬೂಸ್ಟು ತೊಳೆದರೆ ಹೋಗ್ತದೆ, ಗೀರು ಹೋಗುವುದಿಲ್ಲ. ಯಾವುದು ಎಂತದ್ದು ಅಂತ ಕಿವಿಯೇ ಹೇಳಬೇಕು" ಎನ್ನುತ್ತಾರೆ. ಹೆದ್ದಾರಿಯ ಗದ್ದಲ ಏಳುವ ಮೊದಲು ಈ ಕೇಳುವ ಕೆಲಸ ಮುಗಿಯಬೇಕು. ಕಳೆದ ವರ್ಷದ ತನಕ ಕುರ್ಚಿಯಲ್ಲಿ ಒರಗಿ ಕುಳಿತೇ ಕೇಳುತ್ತಿದ್ದರು. ಈಗ ಕಿವಿ ಪೆಟ್ಟಿಗೆಯ ಬಟ್ಟೆಗೆ ತಾಗುತ್ತದೆ. ವಾಲ್ಯೂಮಿನ ಗುಂಡಿ ಎಂಟರ ಮೇಲಿದೆ.

ಅರುವತ್ತನಾಲ್ಕರ ಭೋಜರ ಕೋಣೆಗೆ ಬೋರ್ಡಿಲ್ಲ. ಆದರೂ ಕಾಪುವಿನಿಂದ ಕಾರ್ಕಳದವರೆಗೆ, ಮನೆಯಲ್ಲಿ ಹಳೆಯ ರೆಕಾರ್ಡು ಇದ್ದವರಿಗೆ ‘ರೆಕಾರ್ಡ್ ಭೋಜಣ್ಣ’ ಗೊತ್ತು. ಸಿನಿಮಾ ಹಾಡು, ಭಜನೆ, ಯಕ್ಷಗಾನದ ಪದ, ಗಲ್ಫಿನಿಂದ ಬಂದ ಇಂಗ್ಲಿಷ್ ಹಾಡು, ಎಲ್ಲವೂ ಗೋಣಿಚೀಲದಲ್ಲೋ ಬಿಸ್ಕೆಟ್ ಡಬ್ಬದಲ್ಲೋ ಇಲ್ಲಿಗೆ ಬರುತ್ತವೆ. ದಿನಕ್ಕೆ ಆರು, ಹೆಚ್ಚೆಂದರೆ ಏಳು ತೊಳೆಯುತ್ತಾರೆ. ನಡುನಡುವೆ ಪ್ಲೇಯರುಗಳ ರಿಪೇರಿ. ಹೆಂಡತಿ ಕುಶಲಾ, ಭೋಜರ ಜೊತೆ ನಡೆಯುವಾಗ, ಯಾವಾಗಲೂ ಬಲಬದಿಯಲ್ಲೇ ನಡೆಯುತ್ತಾರೆ. "ಮದುವೆಯ ದಿನ ಮಾತ್ರ ಎಡಕ್ಕೆ ಕೂತದ್ದು. ಭಟ್ರು ಬಿಡಲಿಲ್ಲ" ಎಂದು ನಗುತ್ತಾರೆ ಕುಶಲಾ. ಒಂಬತ್ತನೆಯ ವಯಸ್ಸಿನಲ್ಲಿ ಬಂದ ಮಂಗನಬಾವು ಭೋಜರ ಎಡಗಿವಿಯನ್ನು ಒಂದೇ ವಾರದಲ್ಲಿ ತೆಗೆದುಕೊಂಡು ಹೋಗಿತ್ತು.

ಈಗ ಬಲಗಿವಿಯ ಒಳಗೆ ಚರ್ಮ ಬೆಳೆದು ಮೂಳೆಯನ್ನು ತಿನ್ನುತ್ತಿದೆ. ಬಿಟ್ಟರೆ ಅದು ಮಿದುಳಿನ ಕಡೆಗೆ ಹೋಗುತ್ತದೆ, ತೆಗೆಯಲೇಬೇಕು ಎಂದಿದ್ದಾರೆ ಮಣಿಪಾಲದ ವೈದ್ಯರು. ತೆಗೆಯುವಾಗ ಕೇಳುವ ಶಕ್ತಿ ಉಳಿಯುತ್ತದೆಯೇ ಎಂಬುದಕ್ಕೆ ಅವರು ಮಾತು ಕೊಟ್ಟಿಲ್ಲ. ಉಳಿಯಲೂಬಹುದು, ಹೋಗಲೂಬಹುದು.

"ಕಣ್ಣು ಮುಚ್ಚಿದರೆ ಕತ್ತಲೆ ಹೇಗಿರ್ತದೆ ಅಂತ ಎಲ್ಲರಿಗೂ ಗೊತ್ತುಂಟು. ಕಿವಿ ಮುಚ್ಚಿದರೆ ಹೇಗಿರ್ತದೆ ಅಂತ ನೋಡಲಿಕ್ಕೆ ಬೆರಳು ಇಟ್ಟುಕೊಂಡು ಕೂತೆ. ಎರಡು ನಿಮಿಷ ಆಗಲಿಲ್ಲ, ತೆಗೆದೆ. ಹೆದರಿಕೆ ಆಯ್ತು" ಎನ್ನುತ್ತಾರೆ ಭೋಜ. ಆ ಹೆದರಿಕೆಗೆ ಅವರಲ್ಲಿ ಒಂದು ಹಾಡೂ ಇದೆ. ಗಿರಾಕಿಗಳದ್ದಲ್ಲ, ಅವರ ಸ್ವಂತ ಜೋಡಿ ರೆಕಾರ್ಡಿನದ್ದು.

ಎಂಬತ್ತರ ದಶಕದ ಕೊನೆಯಲ್ಲಿ ಭೋಜ ಬಹರೈನಿನ ಹೋಟೆಲೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಕ್ಯಾಸೆಟ್ ಬಂದ ಮೇಲೆ ಹೋಟೆಲಿನ ರೆಕಾರ್ಡುಗಳನ್ನು ನೆಲಮಾಳಿಗೆಗೆ ಹಾಕಿದ್ದರು. ಅಲ್ಲಿ ಪೈಪು ಒಡೆದು ನೀರು ನುಗ್ಗಿತು. ಎಸೆಯಲು ಇಟ್ಟ ರಾಶಿಯಿಂದ ಭೋಜ ಎರಡನ್ನು ಎತ್ತಿಕೊಂಡು ಬಂದು ಸ್ನಾನದ ಕೋಣೆಯಲ್ಲಿ ತೊಳೆದರು. ಅವರು ತೊಳೆದ ಮೊದಲ ರೆಕಾರ್ಡುಗಳು ಅವೇ. ಹೊದಿಕೆ ಇರಲಿಲ್ಲ. ನಡುವಿನ ಲೇಬಲ್ಲು ಕೈಗೆ ಮುದ್ದೆಯಾಗಿ ಬಂತು. ಹಾಡಿದವಳು ಯಾರು, ಯಾವ ಬದಿ ಮೊದಲು, ಒಂದೂ ತಿಳಿಯಲಿಲ್ಲ. ಎರಡರಲ್ಲೂ ಇರುವುದು ಒಬ್ಬಳದೇ ಧ್ವನಿ ಎಂಬುದಷ್ಟೇ ಗೊತ್ತಾಯಿತು. ಡೋಲಿನ ಅಬ್ಬರದಿಂದ ಶುರುವಾಗುವ ಬದಿಗೆ ಬಿಳಿ ಪೇಂಟಿನ ಒಂದು ಚುಕ್ಕಿ ಇಟ್ಟರು, ಅದರ ಹಿಂಬದಿಗೆ ಎರಡು. ಇನ್ನೊಂದು ರೆಕಾರ್ಡಿಗೆ ಮೂರು ಮತ್ತು ನಾಲ್ಕು. ಅಂದಿನಿಂದ ಅದೇ ಕ್ರಮದಲ್ಲಿ ಕೇಳುತ್ತಾ ಬಂದಿದ್ದಾರೆ.

ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಹುಟ್ಟಿ, ಪ್ರೀತಿ ಮತ್ತು ಮನೆವಾರ್ತೆಯ ಮಾತಿಗೆ ಇಳಿದ ಈ ಸಂಗೀತಕ್ಕೆ ‘ಸೋಲ್’ ಎನ್ನುತ್ತಾರೆ ಎಂದು ಅವರಿಗೆ ಹೇಳಿದವರು ಗೆಳೆಯ ಅಲೋಶಿಯಸ್. ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದ ಅಲೋಶಿಯಸ್ ಪ್ರತಿ ಭಾನುವಾರ ಪೂಜೆ ಮುಗಿಸಿ ನೇರ ಇಲ್ಲಿಗೆ ಬರುತ್ತಾರೆ. ಇಬ್ಬರ ನಡುವೆ ಈ ನಾಲ್ಕು ಬದಿಗಳ ಚರ್ಚೆ ಇನ್ನೂ ಮುಗಿದಿಲ್ಲ.

"ಒಂದು ಚುಕ್ಕಿಯಲ್ಲಿ ಮದುವೆ" ಎಂದು ಭೋಜ ವಿವರಿಸುತ್ತಾರೆ. "ಬೇಸ್ ಗಿಟಾರ್ ನೋಡಿ, ಹೊಸ ಚಪ್ಪಲಿ ಹಾಕಿದವನ ಹಾಗೆ ನಡೀತದೆ. ಎರಡರಲ್ಲಿ ನೆಂಟರೆಲ್ಲ ಸೇರ್ತಾರೆ, ಕೊನೆಗೆ ಯಾರೋ ನಗ್ತಾರೆ, ಅದೂ ರೆಕಾರ್ಡ್ ಆಗಿ ಉಳಿದಿದೆ. ಮೂರರಲ್ಲಿ ಗಂಡ ಹೆಂಡತಿ ಜಗಳ. ತಬಲದವನು ಬೇಕಂತ ಒಂದು ಪೆಟ್ಟು ತಡವಾಗಿ ಕೊಟ್ಟ ಹಾಗೆ ಆ ಡ್ರಮ್ಮಿನವನು ತಡ ಮಾಡ್ತಾನೆ. ಕೇಳುವವನಿಗೆ ಎದೆ ಹಾರ್ತದೆ."

ಸ್ಟೀರಿಯೊ ಎನ್ನುವುದು ಅವರಿಗೆ ಎಂದೂ ಒಟ್ಟಿಗೆ ಕೇಳಿಸಿಲ್ಲ. ಮೊದಲು ಬಲಗಿವಿಯನ್ನು ಎಡಪೆಟ್ಟಿಗೆಗೆ ಕೊಟ್ಟು ಕೇಳುತ್ತಾರೆ. ಆಮೇಲೆ ಕುರ್ಚಿ ತಿರುಗಿಸಿ ಅದೇ ಹಾಡನ್ನು ಇನ್ನೊಂದು ಪೆಟ್ಟಿಗೆಯಿಂದ. ಒಂದರಲ್ಲಿ ಆಕೆ ಹಾಡುತ್ತಾಳೆ, ಇನ್ನೊಂದರಲ್ಲಿ ಹೆಂಗಸರ ಗುಂಪು ಉತ್ತರ ಕೊಡುತ್ತದೆ. "ಗದ್ದೆಯಲ್ಲಿ ನೇಜಿ ನೆಡುವಾಗ ಅಮ್ಮ ಪಾಡ್ದನದ ಹಾಡು ಹೇಳ್ತಿದ್ದರು. ಅಮ್ಮ ಒಂದು ಸಾಲು ಎಳೆದರೆ ಉಳಿದವರು ಓಗೊಡ್ತಿದ್ದರು. ಇದೂ ಅದೇ ಅಲ್ವಾ? ಗದ್ದೆ ಬೇರೆ, ಅಷ್ಟೇ."

ನಾಲ್ಕು ಚುಕ್ಕಿಯ ಬದಿಯಲ್ಲಿ ಓಗೊಡುವವರು ಇಲ್ಲ. ಡ್ರಮ್ಮಿಲ್ಲ, ಗಿಟಾರಿಲ್ಲ. ಆರ್ಗನ್ನಿನ ಒಂದೇ ಸ್ವರ, ಅದರ ಮೇಲೆ ಆಕೆಯ ಒಂಟಿ ಧ್ವನಿ. ಕೊನೆಯ ಹಾಡಿನಲ್ಲಿ ಆಕೆ ಯಾರನ್ನೋ ಕರೆಯುತ್ತಾಳೆ, ಕಾಯುತ್ತಾಳೆ, ಮತ್ತೆ ಕರೆಯುತ್ತಾಳೆ. ಆರ್ಗನ್ನಿನ ಸ್ವರ ಇನ್ನೂ ಮೊಳಗುತ್ತಿರುವಾಗಲೇ ಬದಿ ಮುಗಿಯುತ್ತದೆ. ಆಮೇಲೆ ಮುಳ್ಳಿನ ಸರಸರ ಮಾತ್ರ. ದೀಪ ಹಚ್ಚಿದ ಮೇಲೆ ಆ ಬದಿ ಹಾಕಕೂಡದೆಂದು ಕುಶಲಾ ಎಂದೋ ಕಟ್ಟಪ್ಪಣೆ ಮಾಡಿದ್ದಾರೆ.

"ಡಾಕ್ಟರು ಹೇಳಿದ ದಿನ ಬಸ್ಸಿನಲ್ಲಿ ಬರುವಾಗ ಅದೇ ನೆನಪಾಯ್ತು" ಎನ್ನುತ್ತಾರೆ ಭೋಜ. "ಅವಳು ಕರೀತಾಳೆ, ಯಾರೂ ಓ ಅನ್ನುವುದಿಲ್ಲ. ಅಲ್ಲಿಗೇ ಮುಗೀತದೆ. ನನಗೂ ಹಾಗೇ, ಮನೆಯಲ್ಲಿ ಇವಳು ಕರೆದದ್ದು ಕೇಳದ ಹಾಗೆ ಆಗ್ತದೆ ಅಂತ."

ಆಪರೇಷನ್‌ಗೆ ಒಂಬತ್ತು ದಿನ ಉಳಿದಿದ್ದ ಅದೇ ಭಾನುವಾರ, ಬಿಸಿಲೇರಿದ ಮೇಲೆ, ಅಕ್ಷಿತಾ ಬರುತ್ತಾರೆ. ಮಣಿಪಾಲದಲ್ಲಿ ಭೋಜರ ಕಿವಿ ಪರೀಕ್ಷೆ ಮಾಡುವ ಕಾರ್ಕಳದ ಯುವತಿ. ಅಜ್ಜನ ಕೆಲವು ರೆಕಾರ್ಡು ತೊಳೆಸಲು ತಂದಿದ್ದಾರೆ. ಪ್ಲೇಯರಿನಲ್ಲಿ ಎರಡು ಚುಕ್ಕಿಯ ಬದಿ ಓಡುತ್ತಿದೆ. ಅಲೋಶಿಯಸ್ ಚಹಾದ ಲೋಟ ಹಿಡಿದು ಕುಳಿತಿದ್ದಾರೆ.

"ಯಾರ ಹಾಡು ಭೋಜಣ್ಣ ಇದು?"

"ಹೆಸರಿಲ್ಲ ಮೇಡಂ. ಮೂವತ್ತೇಳು ವರ್ಷದಿಂದ ಇದ್ದಾಳೆ ಮನೆಯಲ್ಲಿ, ರೇಷನ್ ಕಾರ್ಡಿನಲ್ಲಿ ಮಾತ್ರ ಇಲ್ಲ."

ಅಕ್ಷಿತಾ ಫೋನನ್ನು ಪೆಟ್ಟಿಗೆಯ ಎದುರು ಹಿಡಿಯುತ್ತಾರೆ. ಅರ್ಧ ನಿಮಿಷದಲ್ಲಿ ಹೆಸರು ಬರುತ್ತದೆ: ಡೆಲ್ಫೀನ್ ಹಾರ್ಗೆಟ್, ಜೋಡಿ ಆಲ್ಬಮ್, 1972. ಹಾಡುಗಳ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿದ ಅಕ್ಷಿತಾ ಹುಬ್ಬು ಗಂಟಿಕ್ಕುತ್ತಾರೆ.

"ಈಗ ಓಡ್ತಾ ಇರುವುದು ನಾಲ್ಕನೇ ಬದಿ ಅಲ್ವಾ?"

"ಅಲ್ಲ, ಎರಡನೆಯದ್ದು. ಚುಕ್ಕಿ ನೋಡಿ."

"ಚುಕ್ಕಿ ಇಟ್ಟದ್ದು ಯಾರು?"

"ನಾನೇ."

ಅಕ್ಷಿತಾ ಫೋನು ತೋರಿಸುತ್ತಾರೆ. ಅದರ ಪ್ರಕಾರ ಒಂದು ಚುಕ್ಕಿ ಆದ ಕೂಡಲೇ ಬರಬೇಕಾದದ್ದು ಮೂರು, ನಂತರ ನಾಲ್ಕು. ಎರಡು ಚುಕ್ಕಿ ಎಲ್ಲದರ ಕೊನೆಗೆ. ಮೊದಲು ಹೊಳೆಯುವುದು ಅಲೋಶಿಯಸ್‌ಗೆ. "ಚೇಂಜರ್ ಮಾರಾಯ" ಎನ್ನುತ್ತಾರೆ.

ಆ ಕಾಲದಲ್ಲಿ ರೆಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸಿದರೆ ತಾನಾಗಿಯೇ ಒಂದೊಂದನ್ನು ಬೀಳಿಸಿ ನುಡಿಸುವ ಚೇಂಜರ್ ಪ್ಲೇಯರುಗಳಿದ್ದವು. ಮೊದಲನೆಯದರ ಮೇಲ್ಬದಿ ಮುಗಿದ ಕೂಡಲೇ ಬೀಳುವುದು ಎರಡನೆಯ ರೆಕಾರ್ಡು. ಎರಡೂ ಮುಗಿದ ಮೇಲೆ ಇಡೀ ಜೋಡಿಯನ್ನು ಮಗುಚಿ ಹಾಕಬೇಕು. ಅದಕ್ಕೆಂದೇ ಅನೇಕ ಜೋಡಿ ಆಲ್ಬಮ್‌ಗಳಲ್ಲಿ ಒಂದು ಮತ್ತು ನಾಲ್ಕನೇ ಬದಿಗಳನ್ನು ಒಂದು ರೆಕಾರ್ಡಿಗೆ, ಎರಡು ಮತ್ತು ಮೂರನ್ನು ಇನ್ನೊಂದಕ್ಕೆ ಅಚ್ಚು ಹಾಕುತ್ತಿದ್ದರು.

"ಕ್ಯಾಸೆಟ್ ಬರುವ ಮೊದಲು ಆ ಹೋಟೆಲಿನ ಚೇಂಜರನ್ನು ತಿಂಗಳಿಗೊಮ್ಮೆ ಬಿಚ್ಚಿ ಎಣ್ಣೆ ಬಿಡುತ್ತಿದ್ದದ್ದು ನಾನೇ" ಎನ್ನುತ್ತಾರೆ ಭೋಜ, ನಿಧಾನವಾಗಿ. "ನಿನ್ನ ಮನೆಯದ್ದನ್ನೂ ನಾನೇ ರಿಪೇರಿ ಮಾಡಿದ್ದು."

"ಮಾಡಿದ್ದಿ. ಮಾಡಿ ಏನು ಪ್ರಯೋಜನ? ಇಷ್ಟು ವರ್ಷ ಪಾಯಸ ಮೊದಲು ಕುಡಿದು, ಕೊನೆಗೆ ಉಪ್ಪಿನಕಾಯಿ ನೆಕ್ಕಿ ಎದ್ದೆವು, ಇಬ್ಬರೂ."

ಭೋಜ ನಗುವುದಿಲ್ಲ. "ಹಾಗಾದರೆ ನಾಲ್ಕು ಚುಕ್ಕಿ ಆದ ಮೇಲೆ ಎರಡು ಚುಕ್ಕಿ" ಎಂದು ತಮಗೇ ಹೇಳಿಕೊಳ್ಳುತ್ತಾರೆ. ಎರಡು ಚುಕ್ಕಿಯ ಬದಿ ಆರ್ಗನ್ನಿನ ಒಂಟಿ ಸ್ವರದಿಂದಲೇ ಶುರುವಾಗುತ್ತದೆ. ಅದಾಗಿ ನಾಲ್ಕು ಮಾತ್ರೆ ಕಳೆದ ಮೇಲೆ ಹೆಂಗಸರ ಗುಂಪು ಒಟ್ಟಿಗೆ ದನಿ ಎತ್ತುತ್ತದೆ. ಆ ಸ್ವರ ನಾಲ್ಕು ಚುಕ್ಕಿಯ ಕೊನೆಯಿಂದ ಮುಂದುವರಿದದ್ದೆಂದು ಅವರು ಯೋಚಿಸಿಯೇ ಇರಲಿಲ್ಲ. "ಅಂದರೆ ಅವಳಿಗೆ ಓಗೊಡ್ತಾರೆ."

"ಈಗಲೇ ಕ್ರಮದಲ್ಲಿ ಹಾಕಿ ನೋಡುವಾ" ಎನ್ನುತ್ತಾರೆ ಅಲೋಶಿಯಸ್. ಭೋಜ ಮುಳ್ಳು ಎತ್ತುತ್ತಾರೆ. "ಇವತ್ತು ಬೇಡ."

ಆ ವಾರ ಭೋಜ ಕೈಯಲ್ಲಿದ್ದ ಗಿರಾಕಿಗಳ ರೆಕಾರ್ಡುಗಳನ್ನೆಲ್ಲ ತೊಳೆದು ಮುಗಿಸುತ್ತಾರೆ. ಹೊಸದನ್ನು ತೆಗೆದುಕೊಳ್ಳುವುದಿಲ್ಲ. ಯಾಕೆಂದು ಕೇಳಿದವರಿಗೆ "ಬಂದ ಮೇಲೆ ನೋಡುವಾ" ಎಂದಷ್ಟೇ ಉತ್ತರ. ಇಬ್ಬರಿಗೂ ರಾತ್ರಿ ನಿದ್ದೆ ಇಲ್ಲ ಎಂದು ಹೇಳುವವರು ಕುಶಲಾ. "ನಾನು ಮಲಗಿದಲ್ಲಿಂದ ಮೆಲ್ಲ ಕೆಮ್ಮಿದರೆ ಇವರು ‘ಹೂಂ’ ಅಂತಾರೆ. ಕೇಳ್ತದಾ ಅಂತ ನಾನು ನೋಡುವುದು, ಕೇಳ್ತದೆ ಅಂತ ಇವರು ತೋರಿಸುವುದು."

ಆಸ್ಪತ್ರೆಗೆ ಸೇರುವ ಹಿಂದಿನ ದಿನ, ಮತ್ತೆ ಭಾನುವಾರ, ಬೆಳಕು ಹರಿಯುವ ಮೊದಲೇ ಭೋಜ ಜೋಡಿ ರೆಕಾರ್ಡನ್ನು ಒರೆಸಿ ಇಡುತ್ತಾರೆ. ಒಂದು ಚುಕ್ಕಿ, ನಂತರ ಮೂರು. ಮದುವೆಯ ಬೆನ್ನಿಗೇ ಜಗಳ ಬಂದಾಗ ಆ ತಡವಾದ ಪೆಟ್ಟು ಇನ್ನೂ ಕೆಟ್ಟದಾಗಿ ಕೇಳಿಸುತ್ತದೆ. ಪ್ರತಿ ಹಾಡಿಗೂ ಕುರ್ಚಿ ತಿರುಗಿಸುತ್ತಾರೆ. ಆಮೇಲೆ ನಾಲ್ಕು. ಆಕೆ ಕರೆಯುತ್ತಾಳೆ, ಕಾಯುತ್ತಾಳೆ, ಕರೆಯುತ್ತಾಳೆ. ಮುಳ್ಳು ಸರಸರ ಎನ್ನುತ್ತದೆ. ಭೋಜ ಎದ್ದು ಮೊದಲನೆಯ ರೆಕಾರ್ಡನ್ನು ಎರಡು ಚುಕ್ಕಿ ಮೇಲೆ ಬರುವಂತೆ ಪ್ಲೇಯರಿನಲ್ಲಿ ಇಟ್ಟು, ಮುಚ್ಚಳ ಹಾಕುತ್ತಾರೆ.

"ಎಂತ, ಹಾಕುವುದಿಲ್ಲವಾ?" ಬಾಗಿಲಲ್ಲಿ ನಿಂತ ಕುಶಲಾ ಕೇಳುತ್ತಾರೆ.

"ಬಂದು ಕೇಳ್ತೇನೆ."

"ಈಗಲೇ ಕೇಳಿ. ಆಮೇಲೆ ಕೇಳದೆ ಹೋದರೆ?"

"ಈಗ ಕೇಳಿದರೆ ಅದೇ ಕೊನೆಯದ್ದು ಅಂತ ನಾನೇ ಒಪ್ಪಿದ ಹಾಗೆ ಆಗ್ತದೆ."

"ನಿಮಗೆ ಹುಚ್ಚು."

"ಹುಚ್ಚಲ್ಲ, ಹೆದರಿಕೆ" ಎನ್ನುತ್ತಾರೆ ಭೋಜ. ಕುಶಲಾ ಆಸ್ಪತ್ರೆಯ ಚೀಲಕ್ಕೆ ಲುಂಗಿ ಮಡಚಿ ಹಾಕಲು ಒಳಗೆ ಹೋಗುತ್ತಾರೆ.

ಮಂಗಳವಾರ ಆಪರೇಷನ್ ಆಯಿತು. ಕಿವಿಯೊಳಗಿನ ಮೂರು ಸಣ್ಣ ಮೂಳೆಗಳಲ್ಲಿ ಒಂದು ಪೂರ್ತಿ ಸವೆದಿತ್ತು, ಅದನ್ನು ತೆಗೆದು ಬದಲಿ ಇಟ್ಟಿದ್ದೇವೆ ಎಂದರು ವೈದ್ಯರು. ಗಾಯಕ್ಕೆ ತುಂಬಿದ ಹತ್ತಿ ಮೂರು ವಾರ ಹಾಗೆಯೇ ಇರಬೇಕಿತ್ತು. ಆ ಮೂರು ವಾರ ಭೋಜರಿಗೆ ಏನೂ ಕೇಳಿಸಲಿಲ್ಲ. ಊಟಕ್ಕೆ ಕರೆಯಲು ಕುಶಲಾ ಅವರ ಬಲ ಭುಜ ತಟ್ಟುತ್ತಿದ್ದರು. ಹತ್ತಿ ತೆಗೆದ ದಿನ ಎಲ್ಲ ಮಾತೂ ಬಾವಿಯ ಒಳಗಿನಿಂದ ಬಂದಂತೆ ಇತ್ತು. ಬಾವು ಇಳಿಯಲಿ, ಎಷ್ಟು ಉಳಿದಿದೆ ಎಂದು ಈಗಲೇ ಹೇಳಲಾಗದು ಎಂದು ಅಕ್ಷಿತಾ ಕಾಗದದಲ್ಲಿ ಬರೆದು ತೋರಿಸಿದರು.

ಮತ್ತೆ ಹತ್ತು ದಿನ ಕಳೆದ ಮೇಲೆ, ಒಂದು ಬೆಳಿಗ್ಗೆ, ಭೋಜ ತಾವಾಗಿಯೇ ಹಿಂದಿನ ಕೋಣೆಗೆ ಹೋಗಿ ಕುರ್ಚಿಯಲ್ಲಿ ಕುಳಿತರು. ಅಂದು ಇಟ್ಟುಹೋಗಿದ್ದ ಎರಡು ಚುಕ್ಕಿಯ ಬದಿಗೆ ಮುಳ್ಳು ಇಳಿಸಿದ್ದು ಕುಶಲಾ. ಇಳಿಸುವ ಮೊದಲು ಅವರು, ಗಂಡನಿಗೆ ಕಾಣದಂತೆ, ವಾಲ್ಯೂಮಿನ ಗುಂಡಿಯನ್ನು ಎಂಟರಿಂದ ಹತ್ತಕ್ಕೆ ತಿರುಗಿಸಿದ್ದರು. ಆರ್ಗನ್ನಿನ ಒಂಟಿ ಸ್ವರ ಎದ್ದಿತು. ನಾಲ್ಕು ಮಾತ್ರೆ ಕಳೆಯಿತು. ಹೆಂಗಸರು ದನಿ ಎತ್ತಿದರು.

ಭೋಜ ಕಣ್ಣು ತೆರೆಯದೆ ಕೈ ಎತ್ತಿದರು. "ಸದ್ದು ಸ್ವಲ್ಪ ಕಮ್ಮಿ ಮಾಡು ಮಾರಾಯ್ತಿ. ನೆರೆಮನೆಯವರು ಮಲಗಿದ್ದಾರೆ."

ಕುಶಲಾ ಗುಂಡಿಯನ್ನು ಏಳಕ್ಕೆ ಇಳಿಸಿದರು.