ಏಳು ಒಂದುಗಳ ಸಂಖ್ಯೆ

ಧಾರವಾಡದ ಕಾಲೇಜಿನಲ್ಲಿ ಗಣಿತ ಓದುತ್ತಿದ್ದ ಅಣ್ಣ ಒಂದು ಮಧ್ಯಾಹ್ನ ಅಡಿಗೆಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಸಾಲಾಗಿ ಏಳು ಒಂದುಗಳನ್ನು ಬರೆದ. ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರಾ ಹನ್ನೊಂದು.

“ಇದನ್ನ ಶೇಷ ಉಳೀದಂಗ ಒಡಿಯೋ ಅಂಕಿ ಹುಡುಕು ನೋಡೂಣು. ಮಾಸ್ತರ್ರು ಇಡೀ ಕ್ಲಾಸಿಗೆ ಕೊಟ್ಟಾರ, ಯಾರಿಗೂ ಬಂದಿಲ್ಲ.”

“ನಿನಗ?”

“ನನಗೆಲ್ಲೈತಿ ಪುರುಸೊತ್ತು?”

ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮನೆಯಲ್ಲಿದ್ದೆ. ಟ್ರೇನಿಂಗ್ ಶಾಲೆಗೆ ಹೋಗಿ ಶಿಕ್ಷಕಿಯಾಗುವ ಆಸೆ. ಅಪ್ಪ ಒಂದು ಮಾತು ಕೊಟ್ಟಿದ್ದರು: “ಕಾಲೇಜಿನ ಮಾಸ್ತರ್ರು ಒಬ್ಬರರ ನಿನಗ ತಲಿ ಐತಿ ಅಂದ್ರ ಕಳಸ್ತೇನಿ. ಇಲ್ಲಂದ್ರ ಬಂದ ವರಕ್ಕ ಹೂಂ ಅಂತೇನಿ.” ಅಣ್ಣನಿಗೂ ಇದು ಗೊತ್ತಿತ್ತು.

ಎರಡರಿಂದ ಒಡೆಯದ್ದು ನಾಲ್ಕರಿಂದಲೂ ಆರರಿಂದಲೂ ಒಡೆಯುವುದಿಲ್ಲ. ಆದ್ದರಿಂದ ತಾವೇ ಒಡೆಯದ ಅಂಕಿಗಳನ್ನಷ್ಟೇ ಹಚ್ಚುತ್ತ ಹೋದೆ. ಮೂರಕ್ಕೆ ಒಂದು ಉಳಿಯಿತು. ಏಳಕ್ಕೂ ಒಂದು, ಹನ್ನೊಂದಕ್ಕೂ ಒಂದು, ಹದಿಮೂರಕ್ಕೂ ಒಂದೇ. ಶಿವ ಆಟ ಆಡಿಸುತ್ತಿದ್ದಾನೆ ಎನಿಸಿತು. ಹದಿನೇಳಕ್ಕೆ ಎಂಟು ಉಳಿದಾಗ ಯಾಕೋ ಸಮಾಧಾನ. ರೊಟ್ಟಿ ಬಡಿದಾದ ಮೇಲೆ ದಿನಕ್ಕೆ ಎರಡು ಮೂರು ಅಂಕಿ ನೋಡುತ್ತಿದ್ದೆ. ಲೆಕ್ಕಕ್ಕೆಂದು ಒಲೆಯ ಪಕ್ಕದ ಮೂಲೆಯೊಂದನ್ನು ಅವ್ವನ ಬೈಗುಳ ತಿಂದು ಸಾರಿಸದೆ ಉಳಿಸಿಕೊಂಡಿದ್ದೆ.

ಐವತ್ತೊಂದು ಅಂಕಿಗಳು ಸೋತವು. ಐವತ್ತೆರಡನೆಯದು ಇನ್ನೂರಾ ಮೂವತ್ತೊಂಬತ್ತು. ಭಾಗಿಸಿದರೆ ನಾಲ್ಕು ಸಾವಿರದ ಆರುನೂರಾ ನಲವತ್ತೊಂಬತ್ತು ಬಂತು, ಶೇಷ ಸೊನ್ನೆ. ನೆಲಕ್ಕೇ ಕೈಮುಗಿದೆ.

ಅಣ್ಣ ಬಗ್ಗಿ ಕುಳಿತು ಎಲ್ಲವನ್ನೂ ವಹಿಗೆ ಇಳಿಸಿಕೊಂಡ. “ನಿನ್ನ ಹೆಸರs ಹೇಳತೇನಿ. ಇನ್ನ ಸಾರಿಸಿಬಿಡು, ಅವ್ವ ಒದರ್‍ಯಾಡಾಕತ್ತಾಳ.”

ಸೆಗಣಿ ಕಲಸಿ ನನ್ನ ಕೈಯಿಂದಲೇ ಸಾರಿಸಿದೆ.

ಮುಂದಿನ ವಾರ ಆ ಮಾಸ್ತರರೇ ನಮ್ಮಲ್ಲಿಗೆ ಊಟಕ್ಕೆ ಬಂದರು. ನಾನು ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

“ನಿಮ್ಮ ಮಗಾ ಒಂದೊಂದs ಅಂಕಿ ಹಚ್ಚಿ ಒಡದಾನ್ರಿ. ಭಾಳ ತಾಳ್ಮಿ.”

“ಒಬ್ಬನs ಮಾಡಿದ್ಯೇನೋ?” ಅಪ್ಪ ಕೇಳಿದರು.

ಅಣ್ಣ ತಾಟಿನಿಂದ ಕಣ್ಣೆತ್ತಲಿಲ್ಲ. “ಹೂಂ ಅಪ್ಪಾ.”

ಬಾಯಿ ತೆರೆದಿದ್ದರೂ ತೋರಿಸಲು ಏನಿತ್ತು? ಅಂದು ನೆಲ ಕನ್ನಡಿಯಂತಿತ್ತು. ಆಮೇಲೆ ಹಿತ್ತಲಲ್ಲಿ ಕೇಳಿದೆ: “ಹಿಂಗ್ಯಾಕ ಮಾಡಿದಿ ಅಣ್ಣಾ?”

“ನೀ ಒಡದಿ ಅಂದ್ರ ಯಾರ ನಂಬತಾರ? ಮೊದಲ ನಿನ್ನ ರೊಟ್ಟಿ ದುಂಡಗ ಬರ್ಲಿ.”

ಆ ಬೇಸಿಗೆಯಲ್ಲೇ ಹುಬ್ಬಳ್ಳಿಗೆ ಕೊಟ್ಟು ಮದುವೆ ಮಾಡಿದರು.

ಗಂಡನ ಮನೆಯಲ್ಲಿ ಮೊದಲ ದಿನವೇ ಜಪ ಹಿಡಿದೆ. ದಿನಕ್ಕೆ ಇನ್ನೂರಾ ಮೂವತ್ತೊಂಬತ್ತು ಸಲ ಶಿವನಾಮ. ನೂರೆಂಟು ಮಣಿಯ ಮಾಲೆ ಎರಡು ಸುತ್ತು, ಮೇಲೆ ಇಪ್ಪತ್ಮೂರು ಮಣಿ. ನಾಲ್ಕು ಸಾವಿರದ ಆರುನೂರಾ ನಲವತ್ತೊಂಬತ್ತು ದಿನ ನಡೆದರೆ ಏಳೂ ಒಂದುಗಳು ತುಂಬುತ್ತವೆ. ಹನ್ನೆರಡು ವರ್ಷ, ಮೇಲೆ ಸುಮಾರು ಒಂಬತ್ತು ತಿಂಗಳು. ಜ್ವರದಲ್ಲಿ, ಬಾಣಂತನದಲ್ಲಿ, ಒಂದು ದಿನವೂ ತಪ್ಪದಂತೆ ಶಿವ ನಡೆಸಿದ. ಯಾಕಿಷ್ಟೇ ಎಂದು ಯಜಮಾನರು ಪೀಡಿಸಲಿಲ್ಲ. ಅದೂ ಪುಣ್ಯವೇ.

ಕೊನೆಯ ದಿನ ಅಣ್ಣ ಹುಬ್ಬಳ್ಳಿಯ ಕೇಶ್ವಾಪುರದ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಈಗ ಅವನೂ ಮಾಸ್ತರ. ಯಜಮಾನರು ನಗುತ್ತ ಹೇಳಿದರು: “ನಿಮ್ಮ ತಂಗಿ ಜಪಾ ಇವತ್ತ ಮುಗೀತ್ರಿ. ದಿನಾ ಇನ್ನೂರಾ ಮೂವತ್ತೊಂಬತ್ತು! ಯಾವ ಶಾಸ್ತ್ರದಾಗೈತೋ ಏನೋ.”

ಅಣ್ಣನ ಕೈ ತುತ್ತಿನ ಮೇಲೆಯೇ ನಿಂತಿತು. “ನಿನಗಿನ್ನೂ ನೆನಪೈತೇನ?”

“ಒಡದವ್ರಿಗೆ ನೆನಪಿರತೈತಿ, ಅಣ್ಣಾ.”

“ಏನ ಒಡದದ್ದು?” ಎಂದರು ಯಜಮಾನರು.

ನಾನು ಅಣ್ಣನ ಮುಖ ನೋಡಿದೆ. ಬಾಗಿಲಲ್ಲಿ ನಿಂತ ಆ ದಿನದಂತೆಯೇ ಕಾದೆ.

“ಏನಿಲ್ರಿ,” ಎಂದ ಅಣ್ಣ. “ಸಣ್ಣವರಿದ್ದಾಗಿನ ಆಟ.”

ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ದುಂಡಗಿತ್ತು.